ಮತ್ಸ್ಯಕನ್ಯೆಯ ಕೆನ್ನೆಯ ಗುಳಿ

ವೀಬೆ,

ಊರಿನ ಸರಕು ತೂಗುವ ತೂಕದ ಮನೆಯ ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುತ್ತಿದ್ದ, ನೀನು ಮಾಡಿದ ತಾಮ್ರದ ಮತ್ಸ್ಯಕನ್ಯೆಯನ್ನು ಇವತ್ತು ಕೆಳಗಿಳಿಸಿದರು, ಹೊಸದಾಗಿ ಚಿನ್ನದ ರೇಕು ಹಚ್ಚುವುದಕ್ಕೆ. ನೀನು ಅದನ್ನು ಮೇಲೇರಿಸುವ ಮುನ್ನ ಊರವರೆಲ್ಲ ಕಾಲುವೆಯ ಕಟ್ಟೆಯ ಮೇಲೆ ಮುಟ್ಟಿ ನೋಡಿದರಲ್ಲ, ಆವತ್ತು ನಾನು ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮುಖ ಯಾರದೆಂದು ನೋಡದೆಯೂ ಗೊತ್ತಿತ್ತು. ಕೆಲಸ ಮುಗಿಯುವವರೆಗೂ ನೀನು ದಿನಾ ಹೆರಿಂಗ್ ಮೀನು ಮಾರುವ ಫೆಮ್ಕೆಯ ಅಂಗಡಿಗೆ ಹೋಗುತ್ತಿದ್ದೆ. ನಮ್ಮ ಮನೆಗೆ ಮಾತ್ರ ಒಂದು ಮೀನೂ ಬರಲಿಲ್ಲ. ಅಂದಿನಿಂದ, ನೀನು ತೀರಿಕೊಂಡ ಮೇಲೂ, ಈ ಬೀದಿಯಲ್ಲಿ ಗೋಪುರ ಕಾಣದಂತೆ ಹಗಲಲ್ಲೂ ಕಿಟಕಿಗೆ ಪರದೆ ಎಳೆದ ಮನೆ ನಮ್ಮದೊಂದೇ.

ಇವತ್ತು ಕನ್ನಡಕ ಒರೆಸಿಕೊಂಡು ಅದನ್ನು ನೋಡಲು ಹೋದೆ. ಕೆನ್ನೆಯಲ್ಲಿ ಫೆಮ್ಕೆಯದೇ ಗುಳಿ.

"ಈ ಗುಳಿ ಯಾರದು ಅಂತ ಊರಿಗೆಲ್ಲ ಗೊತ್ತು," ಎಂದೆ.

ಚಿನ್ನ ಹಚ್ಚುವ ಯೋರಿಟ್ ಅದರ ಮೇಲೆ ಬೆರಳಾಡಿಸಿದ. "ಗುಳಿ ಅಲ್ಲಮ್ಮ ಇದು. ಯಾವನೋ ಪೋಲಿ ಕೋವಿಯಿಂದ ಹೊಡೆದಿದ್ದಾನೆ. ಆ ಕಡೆಯ ಕೆನ್ನೆ ನೋಡಿ, ಏನೂ ಇಲ್ಲ."

ಮಗುಚಿ ತೋರಿಸಿದ. ಕೆನ್ನೆ ನುಣ್ಣಗಿತ್ತು. ಪಕ್ಕದಲ್ಲಿ ಹಾಲೆ ಹರಿದ ಕಿವಿ. ನನ್ನ ಕೈ ನನ್ನ ಹರಿದ ಕಿವಿಗೇ ಹೋಯಿತು.

ಫೆಮ್ಕೆಯೂ ಅಲ್ಲೇ ಕೋಲೂರಿಕೊಂಡು ನಿಂತಿದ್ದಳು. "ಕಿವಿ ನಿನ್ನದರ ಹಾಗೇ ಬಂತಾ ಅಂತ ನಿನ್ನ ಗಂಡ ದಿನಾ ಬಂದು ನನ್ನ ತಲೆ ತಿಂತಿದ್ದ ಕಣೇ. ನೀನೇ ಬಂದು ನೋಡೋವರೆಗೂ ಬಾಯಿ ಬಿಡಬೇಡ ಅಂದಿದ್ದ. ನೀನು ಬರಲೇ ಇಲ್ಲ."

ಅವಳ ಮಾತನ್ನು ನಾನು ಅಷ್ಟು ಸುಲಭಕ್ಕೆ ನಂಬುವವಳಲ್ಲ. ಆದರೂ ಮನೆಗೆ ಬಂದು ಪರದೆ ಬಿಚ್ಚಿ ಮಡಚಿಟ್ಟಿದ್ದೇನೆ. ಮೇಲೇರಿಸುವಾಗ ಅವರು ಬೇರೆ ಯಾರದೋ ಮುಖ ಕೂರಿಸಿಬಿಟ್ಟರೆ, ನೋಡಿಕೊಳ್ಳಲು ಯಾರಾದರೂ ಇರಬೇಕಲ್ಲ.