ಹೊತ್ತು ಮುಳುಗಿದ ಮೇಲಿನ ತುತ್ತು

ಅಕ್ಕಾ,

ದೀಕ್ಷೆ ತೆಗೆದುಕೊಂಡ ಮೇಲೆ ನಿನ್ನನ್ನು ಮಾತಾಜಿ ಎನ್ನಬೇಕು, ಮನೆಯ ಸುದ್ದಿ ಮುಟ್ಟಿಸಬಾರದು. ಇದನ್ನು ಕಳಿಸುವುದಿಲ್ಲ. ಆದರೆ ಯಾರಿಗಾದರೂ ಹೇಳಲೇಬೇಕು.

ಲಕ್ವ ಹೊಡೆದು ಅಮ್ಮನಿಗೆ ಮಾತು ನಿಂತಿದೆ. ನಾನು ಜಾವಗಲ್ ಶಾಲೆಯಿಂದ ಹಳೇಬೀಡಿಗೆ ಬರುವಷ್ಟರಲ್ಲಿ ಕತ್ತಲಾಗುತ್ತದೆಂದು ಅವಳನ್ನು ನೋಡಿಕೊಳ್ಳಲು ಪುಟ್ಟಗೌರಿಯನ್ನು ಸಂಬಳಕ್ಕೆ ಇಟ್ಟಿದ್ದೇನೆ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅಮ್ಮ ನೀರನ್ನೂ ಮುಟ್ಟುವುದಿಲ್ಲ, ಬೆಳಕಿದ್ದಾಗಲೇ ಉಣ್ಣಿಸು ಎಂದು ಮೊದಲ ದಿನವೇ ಹೇಳಿದ್ದೆ.

ಇವತ್ತು ಯಾರದೋ ಜೀಪು ಸಿಕ್ಕಿ ಸ್ವಲ್ಪ ಬೇಗ ಬಂದೆ. ಬೀದಿ ದೀಪ ಆಗಲೇ ಹತ್ತಿತ್ತು. ಒಳಗೆ ಪುಟ್ಟಗೌರಿ ಅಮ್ಮನ ಮೂಗನ್ನು ಒತ್ತಿ ಹಿಡಿದಿದ್ದಳು. ಉಸಿರಿಗಾಗಿ ಅಮ್ಮ ಬಾಯಿ ತೆರೆದಾಗ ಗಂಜಿಯ ಚಮಚ ಒಳಗೆ ಹೋಯಿತು.

“ಏನೇ ಇದು!” ಎಂದು ಕಿರುಚಿದೆ.

“ಮೂಗು ಹಿಡೀದಿದ್ರೆ ಬಾಯೇ ಬಿಡಾಕಿಲ್ಲ ಕಣಕ್ಕ. ಬೆಳಕಲ್ಲೇ ಉಣ್ಸಿಬುಟ್ರೆ ರಾತ್ರಿಯೆಲ್ಲ ಹಸ್ಕಂಡೇ ಇರ್ತಾರೆ, ಪಾಪ.”

ಅವಳ ದನಿಯಲ್ಲಿ ಕೇಡಿರಲಿಲ್ಲ. ಅದಕ್ಕೇ ಇನ್ನೂ ಹೆದರಿಕೆಯಾಯಿತು. ಬಯ್ಯಲಿಲ್ಲ. ಅವಳು ಕೆಲಸ ಬಿಟ್ಟು ಹೋದರೆ ಅಮ್ಮನ ಬಳಿ ಯಾರು? “ನಾಳೆ ಬಾ” ಎಂದೆ.

ಅವಳು ಹೋದ ಮೇಲೆ, ಅಮ್ಮನ ಗಲ್ಲಕ್ಕೆ ಅಂಟಿದ್ದ ಗಂಜಿಯನ್ನು ಒರೆಸಲು ಕೈ ಚಾಚಿದೆ. ಅಮ್ಮ ನನ್ನ ಮುಖ ನೋಡಿದಳು. ಕೈ ನೋಡಿದಳು. ಕಣ್ಣು ಮುಚ್ಚಿಕೊಂಡು, ತಾನಾಗಿಯೇ ಬಾಯಿ ತೆರೆದಳು.