ರವಿವಾರ ಇಟ್ಟ ಬೋನು

ಮುಂಡಗೋಡ,
ಸೋಮವಾರ, ೧೫ ನವೆಂಬರ್ ೧೯೩೭

ಪೂಜ್ಯ ಯಜಮಾನರಾದ ಬಸಲಿಂಗಯ್ಯನವರಿಗೆ ನಿಮ್ಮ ಈರಕ್ಕ ಮಾಡುವ ಶರಣು ಶರಣಾರ್ಥಿಗಳು.

ಬಾಯಲ್ಲಿ ನಿಮ್ಮ ಹೆಸರು ಹೇಳುವಂತಿಲ್ಲ, ಕಾಗದದ ಮೇಲೆ ಬರೆದರೆ ಯಾರ ಅಡ್ಡಿಯೂ ಇಲ್ಲ. ಆದರೂ ಮೊದಲನೆಯ ಸಲ ಶಾಯಿ ಚೆಲ್ಲಿತು, ಆ ಹಾಳೆ ಒಲೆಗೆ ಹೋಯಿತು. ಇದು ಎರಡನೆಯದು. ಎಲ್ಲರೂ ಕ್ಷೇಮ ಎಂದು ಬರೆಯುವ ಪದ್ಧತಿಯಲ್ಲವೇ? ನಿಮ್ಮ ತಾಯಿ ಕ್ಷೇಮ. ಎತ್ತುಗಳು ಕ್ಷೇಮ. ನನ್ನ ಸುದ್ದಿ ಆಮೇಲೆ.

ನೀವು ಕೋಗಿಲಬನದ ಕಟ್ಟಿಗೆ ಡಿಪೋಕ್ಕೆ ಕಾರಕೂನರಾಗಿ ಹೋಗಿ ಇವತ್ತಿಗೆ ನಲವತ್ತೊಂದು ದಿನ. ಹೊಳೆಯ ದಂಡೆಯಲ್ಲಿ ಚಳಿ ಹೇಗಿದೆಯೋ, ಒಂದೇ ಕಂಬಳಿ ಸಾಲುತ್ತದೆಯೋ ಇಲ್ಲವೋ ಎಂದು ಅತ್ತೆ ದಿನಾ ಕೇಳುತ್ತಾರೆ, ನನ್ನನ್ನಲ್ಲ, ಗೋಡೆಯನ್ನು. ಈಗಲೂ ಹೊಸ್ತಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಾರೆ. “ನನ್ನ ಮಗಗ ಬರ್ಯಾಕತ್ತೀಯೇನ? ಬಂದ್ ಉಣ್ಣಂತ ಬರಿ. ಉಳಿದದ್ದೇನೂ ಬ್ಯಾಡ” ಎಂದರು. ಅವರು ಹೇಳಿದ್ದನ್ನು ಬರೆದಿದ್ದೇನೆ. ಉಳಿದದ್ದನ್ನೂ ಬರೆಯುತ್ತೇನೆ.

ಹೆಗ್ಗಣಗಳು ಮತ್ತೆ ಗದ್ದೆಯ ಬದುವಿಗೆ ಬಿದ್ದಿವೆ. ಹತ್ತು ದಿನದ ಹಿಂದೆ ಬದುವಿನಲ್ಲಿ ತೂತು ಬಿದ್ದು ಕೆಳಗಿನ ಗದ್ದೆಯ ನೀರೆಲ್ಲ ಹಳ್ಳಕ್ಕೆ ಹೋಯಿತು. ಭತ್ತ ಹಾಲುಗಟ್ಟುವ ಹೊತ್ತು. ಓಣಿಯ ಒಬ್ಬಿಬ್ಬರು ಪಾಷಾಣ ಹಾಕಿರಿ ಎಂದರು. ಪಾಷಾಣ ತಿಂದ ಹೆಗ್ಗಣ ಹಳ್ಳದಲ್ಲಿ ಬಿದ್ದು ಸತ್ತರೆ ಆ ನೀರು ಕುಡಿಯುವ ದನಗಳ ಗತಿಯೇನು? ಅದಕ್ಕೇ ಅಟ್ಟದ ಮೇಲೆ ನೀವು ಎಸೆದುಹೋದ ಕಬ್ಬಿಣದ ದವಡೆಯ ಬೋನನ್ನು ಕೆಳಗಿಳಿಸಿದೆ. ಸಿಟ್ಟಾಗಬೇಡಿ. ಸಿಟ್ಟಾದರೂ ಅಲ್ಲಿಂದ ಕೇಳಿಸುವುದಿಲ್ಲ.

ತಾಂಡಾದ ಥಾವರೆಪ್ಪ ಬಿದಿರು ಮಾರಲು ಬಂದಿದ್ದ. ಬೋನು ಇಡುವುದರಲ್ಲಿ ಅವನನ್ನು ಮೀರಿಸುವವರು ಈ ಸುತ್ತಿನಲ್ಲಿಲ್ಲ. ಬೋನನ್ನು ಮೂಸಿ ನೋಡಿ ನಕ್ಕುಬಿಟ್ಟ. “ಅಮ್ಮಾರ, ಇದಕ್ಕ ಈಬತ್ತಿ ಹಚ್ಚಿ ಪೂಜಾ ಮಾಡೀರಿ. ಹೆಗ್ಗಣಕ್ಕ ಭಕ್ತಿ ಇಲ್ಲರೀ, ಮೂಗ ಐತಿ!” ಹೌದಲ್ಲ! ಹೊಸ ಕುಡಗೋಲು ಬರಲಿ, ಹಾರೆ ಬರಲಿ, ಅತ್ತೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗದೆ ಹೊರಗೆ ಬಿಡುವುದಿಲ್ಲ. ನೀವು ಹಳಿಯಾಳದ ಸಂತೆಯಿಂದ ಬೋನು ತಂದ ದಿನವೂ ಹಾಗೇ ಆಯಿತು. ಮೊದಲ ಎಂಟು ದಿನ ಅದರ ಹತ್ತಿರ ಒಂದು ಇರುವೆಯೂ ಸುಳಿಯದಿದ್ದುದಕ್ಕೆ ಕಾರಣ ಈಗ ತಿಳಿಯಿತು.

ಥಾವರೆಪ್ಪ ಮೂರು ದಿನ ಗದ್ದೆಗೆ ಬಂದು ಕಲಿಸಿದ. ಮಣ್ಣಿನ ಗುಡ್ಡೆ ಕಂಡಲ್ಲಿ ಬೋನು ಇಡಬಾರದಂತೆ, ಅಲ್ಲಿ ಅದು ಮಣ್ಣು ಚೆಲ್ಲಿ ಹಿಂದಕ್ಕೆ ಹೋಗಿರುತ್ತದೆ. ಎರಡು ಗುಡ್ಡೆಗಳ ನಡುವೆ ನೆಲದೊಳಗೆ ಅದು ದಿನಾ ಓಡಾಡುವ ಹಾದಿ ಇರುತ್ತದೆ. ಅದನ್ನು ಹಿಮ್ಮಡಿಯಿಂದ ತುಳಿದು ಕೆಡವಬೇಕು. ಮರುದಿನ ಯಾವುದು ಮತ್ತೆ ಸರಿಯಾಗಿರುತ್ತದೋ ಅದೇ ನಡೆಯುವ ಹಾದಿ. ಅಲ್ಲಿ ಬೋನಿನಷ್ಟೇ ಅಗಲ ಮಣ್ಣು ತೆಗೆದು, ಕೈಗೆ ಅದೇ ಮಣ್ಣು ತಿಕ್ಕಿಕೊಂಡು, ಹಾದಿಯ ನೆಲಕ್ಕೆ ಸಮನಾಗಿ ನೇರ ಕೂಡಿಸಿ, ಬೆಳಕು ಬೀಳದಂತೆ ಹುಲ್ಲಿನ ಹೆಂಟೆ ಮುಚ್ಚಬೇಕು. ಬೋನು ನೇರ ಇದ್ದರೆ ದವಡೆ ಎದೆಯ ಮೇಲೆ ಬೀಳುತ್ತದೆ, ಜೀವಕ್ಕೆ ಗೊತ್ತಾಗುವ ಮೊದಲೇ ಹೋಗಿರುತ್ತದೆ. ಓರೆಯಾದರೆ ಕಾಲು ಸಿಗುತ್ತದೆ. ನೀವಿಟ್ಟ ಬೋನು ಆವತ್ತು ಓರೆಯಾಗಿತ್ತು, ಅಷ್ಟೇ. ಯಾರ ಕೈಯಿಂದಲಾದರೂ ಆಗಬಹುದು.

ಇನ್ನೊಂದು ಮಾತನ್ನು ಅವನು ಮೂರು ದಿನವೂ ಹೇಳಿದ. “ಮುಂಜಾನಿ ನೋಡ್ರಿ, ಸಂಜೀಕ ನೋಡ್ರಿ. ನೋಡಾಕ ಆಗಲ್ಲಂದ್ರ ಇಡಬ್ಯಾಡ್ರಿ.” ಸೋಮವಾರ ಏನು ಮಾಡುವುದು ಎಂದು ಕೇಳಿದೆ. ಸೋಮವಾರ ಬಸವಣ್ಣನ ದಿನ, ನಾವು ಎತ್ತು ಹೂಡುವುದಿಲ್ಲ, ಗದ್ದೆಗೆ ಕಾಲಿಡುವುದಿಲ್ಲ ಎಂದೆ. “ಹಂಗಾರ ರವಿವಾರ ಬೋನ ಎತ್ತಿ ಮನೀಗಿ ತರ್ರಿ. ಬೋನಕ್ಕ ವಾರ ಗೊತ್ತಿಲ್ಲ” ಎಂದ. ಎಷ್ಟು ಸಣ್ಣ ಮಾತು! ನಮ್ಮ ಮನೆಯಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಆ ಸಲ ರವಿವಾರ ಸಂಜೆ ಸಿಕ್ಕ ಜೀವ ಮಂಗಳವಾರ ಬೆಳಿಗ್ಗೆಯತನಕ ಅಲ್ಲೇ ಒದ್ದಾಡಿತು.

ತಡೆಯಿರಿ, ಬೋನು ನೋಡುವ ಹೊತ್ತಾಯಿತು. ಹೋಗಿ ಬರುತ್ತೇನೆ.

ಬಂದೆ. ಹೌದು, ಇವತ್ತು ಸೋಮವಾರವೇ. ನಿನ್ನೆ ಎತ್ತಿ ತರದೆ ಬೇಕೆಂದೇ ಇಟ್ಟೆ, ಇವತ್ತು ಬೇಕೆಂದೇ ಹೋದೆ. ಒಂದು ಸಿಕ್ಕಿತ್ತು. ಎದೆಯ ಮೇಲೆ ಬಿದ್ದಿತ್ತು, ಬಾಯಲ್ಲಿ ಭತ್ತದ ತೆನೆ ಹಾಗೇ ಇತ್ತು. ಸುತ್ತಲಿನ ಮಣ್ಣು ಒಂದಿಷ್ಟೂ ಕೆದರಿರಲಿಲ್ಲ. ಬದುವಿನ ಕೆಳಗೆ ಹುಗಿದು ಬಂದೆ. ಹೋಗುವಾಗ ದಾರಿಯಲ್ಲಿ ಹಿರಿಯರಾದ ಶೇಖಪ್ಪನವರು ನೋಡಿ, “ಸ್ವಾಮ್ಯಾರ ಮನ್ಯಾನವ್ರು ಸ್ವಾಮಾರ ದಿನಾ ಗದ್ದಿಗಿ ಹೊಂಟೀರೇನವಾ?” ಎಂದರು. ಮುಂದೆ ನಡೆದೆ. ಕೊಡುವ ಉತ್ತರ ದೊಡ್ಡದಿತ್ತು.

ಆ ಮಂಗಳವಾರದ ಮಾತಿಗೆ ಬರಲೇಬೇಕು. ಬದುವಿನ ಮೇಲೆ ನಾಲ್ಕು ಜನ ನಿಂತಿದ್ದರು, ಶೇಖಪ್ಪನವರೂ ಇದ್ದರು. ಆ ಹೆಗ್ಗಣ ಮುಂಗಾಲು ಸಿಕ್ಕಿಸಿಕೊಂಡು ತನ್ನ ಕಾಲನ್ನು ತಾನೇ ಕಡಿಯುತ್ತಿತ್ತು. ನಾನು ಎಲ್ಲರಿಗಿಂತ ಮೊದಲು ಬಾಯಿ ತೆಗೆದೆ. “ಕೊರಳಾಗ ಲಿಂಗಾ ಐತಿ, ಹೊಟ್ಟ್ಯಾಗ ಕರಳಿಲ್ಲ ನಿಮಗ!” ಎಂದು ಕಿರುಚಿದೆ. ನೀವು ಒಂದು ಮಾತೂ ಆಡಲಿಲ್ಲ. ಸಲಿಕೆ ತೆಗೆದುಕೊಂಡು ಒಂದೇ ಏಟಿಗೆ ಅದರ ಸಂಕಟ ಮುಗಿಸಿದಿರಿ. ಅಲ್ಲಿ ಕರುಣೆ ಇದ್ದದ್ದು ಆ ಒಂದು ಏಟಿನಲ್ಲೇ. ಜನ ನೋಡಿದ್ದು ಮಾತ್ರ ನನ್ನ ಕೂಗು ಮತ್ತು ನಿಮ್ಮ ಕೈಯ ಸಲಿಕೆ.

ಆಮೇಲೆ ಜೀವ ನರಳಿಸಿದ ಅಯ್ಯನವರೆಂದು ಯಾರ ಮನೆಯಿಂದಲೂ ನಿಮಗೆ ಪಾದಪೂಜೆಗೆ ಕರೆ ಬರಲಿಲ್ಲ. ನೀವು ಎರಡು ವಾರ ತಾಳಿಕೊಂಡು ಹೊರಟುಹೋದಿರಿ. ಈ ಕಾರ್ತಿಕದಲ್ಲಿ ಬೇರೆ ಊರಿನ ಅಯ್ಯನವರು ಬಂದು ಮನೆಮನೆಯ ಪೂಜೆ ಮಾಡುತ್ತಿದ್ದಾರೆ. ಬರುವ ಸೋಮವಾರ ಹಿರಿಯರು ಕೂಡಿ ಊರ ಪೂಜೆಯನ್ನು ಅವರಿಗೇ ಕಾಯಂ ಮಾಡುತ್ತಾರಂತೆ. ನಿಮ್ಮ ಅಜ್ಜನ ಕಾಲದಿಂದ ಬಂದ ಜೋಳಿಗೆ ಗೂಟಕ್ಕೆ ತೂಗಿಕೊಂಡಿದೆ, ಅತ್ತೆ ಅದರ ಕಡೆ ನೋಡದೆ ಓಡಾಡುತ್ತಾರೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಡುಗೆಗೆ ಎರಡು ಸಲ ಉಪ್ಪು ಹಾಕುತ್ತೇನೆ, ಇಲ್ಲವೇ ಮರೆಯುತ್ತೇನೆ.

ಆದ್ದರಿಂದ ಬರುವ ಸೋಮವಾರದ ಒಳಗೆ ಬನ್ನಿ. ಬೋನು ಇಡುವುದನ್ನು ನಾನು ಕಲಿತಿದ್ದೇನೆ, ಇನ್ನು ಆ ತಪ್ಪು ಆಗುವುದಿಲ್ಲ ಎಂದು ನಾವಿಬ್ಬರೂ ಕೂಡಿ ಹಿರಿಯರಿಗೆ ಹೇಳೋಣ. ಇಷ್ಟು ಹೇಳಿದರೆ ಸಾಕಾಗಬಹುದು.

ಇಂತಿ ನಿಮ್ಮ ಪಾದಸೇವಕಿ,
ಈರಕ್ಕ

ತಾಜಾ ಕಲಮು: ಕಾಗದ ಅಂಟಿಸಲು ಗಂಜಿ ತೆಗೆದುಕೊಂಡು ಕುಳಿತೆ, ಕೈ ಬರಲಿಲ್ಲ. ಸಾಕಾಗುವುದಿಲ್ಲ. ಆ ಬೋನನ್ನು ನೀವು ನೇರವಾಗಿಯೇ ಇಟ್ಟಿದ್ದಿರಿ. ರವಿವಾರ ನೀವು ಮನೆಗೆ ತಿರುಗಿದ ಮೇಲೆ ನಾನು ಅದನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದೆ. ಜೀವದ ಮೇಲಿನ ಕನಿಕರ ಎಂದು ಹೇಳಿಕೊಳ್ಳಬಹುದು, ಸ್ವಲ್ಪ ಅದೂ ಇತ್ತು. ಆದರೆ ನಾನು ಬೋನು ಬೇಡವೆಂದಾಗ, ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಆವತ್ತು ನೀವು ನಕ್ಕಿದ್ದಿರಿ. ಬೋನು ಖಾಲಿ ಬೀಳಲಿ, ನನ್ನ ಮಾತು ಮೇಲಾಗಲಿ ಎಂಬುದೇ ಹೆಚ್ಚಿತ್ತು. ಸೋಮವಾರ ಮಧ್ಯಾಹ್ನ ಕದ್ದು ಹೋಗಿ ನೋಡಿದೆ. ಕಾಲು ಸಿಕ್ಕಿತ್ತು, ನನ್ನನ್ನು ನೋಡಿತು. ಬಿಡಿಸಿದರೆ ನಾನು ಬಂದದ್ದು ಗೊತ್ತಾಗುತ್ತದೆ ಎಂದು ಸೆರಗು ಮುಚ್ಚಿಕೊಂಡು ಮನೆಗೆ ಬಂದೆ. ಮಂಗಳವಾರ ಮೊದಲು ಕೂಗಿದ್ದು ಅದಕ್ಕೇ.

ಗುರುತಿಗೆ ನೀವು ನೆಟ್ಟಿದ್ದ ಕಡ್ಡಿಯನ್ನು ಸರಿಸಲು ಮರೆತಿದ್ದೆ. ಆ ದಿನ ನೀವು ಮೊದಲು ಕಡ್ಡಿಯನ್ನು ನೋಡಿದಿರಿ, ಆಮೇಲೆ ನನ್ನ ಕಾಲ್ಬೆರಳಿನ ಗುರುತನ್ನು, ಆಮೇಲೆ ನನ್ನ ಮುಖವನ್ನು. ನಿಮಗೆ ಎಲ್ಲ ಗೊತ್ತಿತ್ತು. ನಾಲ್ಕು ಜನರ ಮುಂದೆ ನನ್ನ ಮಾನ ಉಳಿಸಿ ನಿಮ್ಮದನ್ನು ಬಿಟ್ಟುಕೊಟ್ಟಿರಿ.

ಈಗಷ್ಟೇ ಎದುರುಮನೆಯ ಶೇಖಪ್ಪನವರ ಕಟ್ಟೆಗೆ ಹೋಗಿ, ಅಲ್ಲಿದ್ದ ಎಲ್ಲರ ಮುಂದೆ ನಿಂತು ಇದನ್ನು ಹೇಳಿ ಬಂದೆ. ಅತ್ತೆಯೂ ನಮ್ಮ ಬಾಗಿಲಲ್ಲಿ ನಿಂತು ಕೇಳಿದರು. ಅವರೆಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದವರು ಇನ್ನೂ ಹೊರಗೆ ಬಂದಿಲ್ಲ. ಬಂದಾಗ ಮೊದಲು ಅವರಿಗೆ ಮುಖ ತೋರಿಸಿ. ನನಗೆ ಆಮೇಲೆ, ನಿಮ್ಮ ಮನಸ್ಸು ಬಂದರೆ.