ತೊಲೆಗಳ ವಾಸನೆ

ಬೋರ್ಡೋ, ನವೆಂಬರ್ ೧೨

ತಂಗಿ ಒಡೀಲ್, ಮಂಡಿನೋವು ಹೇಗಿದೆ? ನಿನ್ನ ಗಂಡ ಅರ್ಮಾನ್‌ನ ಕೆಮ್ಮು ಇಳಿಯಿತೇ? ನಾಳೆ ನಿನಗೆ ಬರೆಯಬೇಕಾದ್ದನ್ನು ನಿದ್ದೆ ಬಾರದೆ ಈಗಲೇ ನನ್ನ ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಅಪ್ಪ ಅರವತ್ತೊಂದನೇ ಇಸವಿಯಲ್ಲಿ ಮಾಡಿದ ವೈನಿನ ಒಂದು ಸೀಸೆ ತೆರೆದೆ. ಒದ್ದೆ ರಟ್ಟಿನ ವಾಸನೆ. ಬಿರಡೆ ಕೆಟ್ಟಿರಬೇಕೆಂದು ಇನ್ನೆರಡು ತೆರೆದೆ; ಅವೂ ಹಾಗೆಯೇ. ನೆಲಮಾಳಿಗೆಗೆ ನನ್ನ ಮಗ ತಿಬೋ ಹತ್ತು ವರ್ಷದ ಹಿಂದೆ ಹಾಕಿಸಿದನಲ್ಲ, ಹುಳು ಹತ್ತದಂತೆ ಮದ್ದು ಬಳಿದ ತೊಲೆಗಳು, ಅವಕ್ಕೆ ಮೂಗು ಹಚ್ಚಿದೆ. ಅದೇ ವಾಸನೆ.

ತಿಬೋ ನಕ್ಕ. "ನಿನ್ ಮೂಗಿಗೆ ವಯಸ್ಸಾಯ್ತಮ್ಮ. ಗುರುವಾರ ವೈನ್ ಕೊಳ್ಳೋರು ಬರ್ತಾರೆ, ಅವರೆದುರಿಗೆ ಮೂಸ್ಕೊಂಡು ನಿಂತ್ಕೋಬೇಡ."

ನಿನ್ನ ಮದುವೆಗೆ ಅಪ್ಪ ಕೊಟ್ಟ ಅರವತ್ತೊಂದರ ಸೀಸೆ ನಿನ್ನ ಬೀರುವಿನಲ್ಲೇ ಇದೆಯಲ್ಲ. ಈ ತೊಲೆಗಳ ಕೆಳಗೆ ಮಲಗದ್ದು ಅದೊಂದೇ. ತೆರೆದು ಮೂಸು. ಅದೂ ನಾರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ; ಆಗ ಕೆಟ್ಟದ್ದು ಆ ವರ್ಷದ ವೈನ್ ಮಾತ್ರ. ಅದು ಘಮ್ಮೆಂದರೆ ತಪ್ಪು ತೊಲೆಗಳದ್ದೇ, ಇಲ್ಲಿರುವ ಅಷ್ಟೂ ಸೀಸೆಗಳು ಹೋದ ಹಾಗೆ. ಗುರುವಾರದೊಳಗೆ ಬರೆ, ಒಡೀಲ್.